ಕೈ ಓಡಿದ ರೀಲು

ಆ ಫೆಬ್ರವರಿಯಲ್ಲಿ ನನ್ನ ಬಲಗೈ ಸುಮ್ಮನೆ ಕೂರುತ್ತಿರಲಿಲ್ಲ. ಮೇಜಿನ ಮೇಲಿಟ್ಟರೆ ಚಮಚ ತಿರುಗಿಸುತ್ತಿತ್ತು, ಮಡಿಲಲ್ಲಿಟ್ಟರೆ ಲಂಗದ ಅಂಚನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿತ್ತು. "ಆ ಕೈಗೊಂದು ಕೆಲ್ಸ ಕೊಡೇ, ಇಲ್ಲಾಂದ್ರೆ ಕಟ್ಟಿ ಹಾಕು," ಎಂದು ಅಮ್ಮ ಬೈಯುತ್ತಿದ್ದಳು. ಕೆಲಸವಿಲ್ಲದ ಕೈಯೇನಲ್ಲ ಅದು. ಹಗಲೆಲ್ಲ ಫಿಲ್ಮು ಕತ್ತರಿಸಿ ಅಂಟಿಸುತ್ತಿದ್ದ ಕೈ. ಆದರೆ ಅದಕ್ಕೆ ಬೇಕಾಗಿದ್ದದ್ದು ಬೇರೆ.

ನಮ್ಮ ಕಂಪನಿ ಇದ್ದದ್ದು ಫ್ರೈಬುರ್ಗಿನ ಒಂದು ಟೋಪಿ ಅಂಗಡಿಯ ಅಟ್ಟದಲ್ಲಿ. ಯಜಮಾನರು ವಿಂಟರ್‌ಮಾಂಟೆಲ್. ಕ್ಯಾಮೆರಾ ಹಿಡಿಯಲು ಫ್ರಿಡೋಲಿನ್ ಮತ್ತು ಅಲೋಯಿಸ್. ಅಂಟಿಸಲು ನಾನು, ಒಟೀಲಿಯ, ಎಲ್ಲರ ಬಾಯಲ್ಲಿ ಟಿಲ್ಲಿ. ಅಷ್ಟೇ ಜನ. ಮಹಾಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು, ಸಿನಿಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಚಿತ್ರಮಂದಿರಕ್ಕೆ ಬರುವವರಿಗೆ ಓಡುವವರು, ಹಾರುವವರು, ಹಿಮದ ಮೇಲೆ ಜಾರುವವರು ಬೇಕಾಗಿದ್ದರು. ಅವರನ್ನು ಪರದೆಯ ಮೇಲೆ ತರುವುದು ಹೇಗೆಂದು ಹೇಳಿಕೊಡುವ ಗುರು ಎಲ್ಲಿಯೂ ಇರಲಿಲ್ಲ. ನಮ್ಮವರು ಬಿದ್ದೆದ್ದು ತಾವೇ ಕಲಿತರು. ಫ್ರಿಡೋಲಿನ್ ಯುದ್ಧದಲ್ಲಿ ಸ್ಕೀ ಪಡೆಯಲ್ಲಿದ್ದವನು. ಕ್ಯಾಮೆರಾವನ್ನು ಎದೆಗೆ ಬಿಗಿದುಕೊಂಡು, ಓಟಗಾರರ ಪಕ್ಕದಲ್ಲೇ ಇಳಿಜಾರಿನಲ್ಲಿ ಜಾರುತ್ತ, ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದ. ಅಂಥ ಹುಚ್ಚು ನಮ್ಮ ಸೀಮೆಯವರಿಗೇ ಸರಿ.

ನಾನು ವಿಶ್ವವಿದ್ಯಾಲಯದಲ್ಲಿ ಹಳೆಯ ಕಾವ್ಯ ಓದಿ ಪದವಿ ಪಡೆದು ಬಂದವಳು. ಫ್ರಿಡೋಲಿನ್‌ಗೆ ಅದೇ ತಮಾಷೆ.

"ಪಂಡಿತಮ್ಮಾ, ನಿಮ್ಮ ಹಳೇ ಕಾವ್ಯದಲ್ಲಿ ಗೋಂದಿನ್ ಬಗ್ಗೆ ಏನಾದ್ರೂ ಬರ್ದಿದಾರಾ?"

ನಾನು ತಲೆ ಎತ್ತುತ್ತಿರಲಿಲ್ಲ. ನನಗೆ ಉತ್ತರ ಹೊಳೆಯುವುದು ಸಂಜೆ, ದಿನಚರಿ ತೆರೆದು ಕೂತಾಗ. ಆಗ ಒಂದಲ್ಲ, ನಾಲ್ಕು ಹೊಳೆಯುತ್ತವೆ. ಬರೆದು ಮುಚ್ಚಿಟ್ಟರೆ ಮುಗಿಯಿತು.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಯಜಮಾನರದೊಂದು ಪದ್ಧತಿಯಿತ್ತು. ಕಾಫಿ ಬೀಜ ಬೀಸುವ ಕೈಗಿರಣಿಯನ್ನು ಸರದಿಯಂತೆ ಒಬ್ಬೊಬ್ಬರ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಸೆಕೆಂಡಿಗೆ ಎರಡು ಸುತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ಯಾಮೆರಾದ ಹಿಡಿಕೆಯ ಲೆಕ್ಕವೂ ಅದೇ. ನಿಧಾನಕ್ಕೆ ತಿರುಗಿಸಿದರೆ ಪರದೆಯ ಮೇಲೆ ಜನ ಗಡಿಬಿಡಿಯಿಂದ ಓಡಾಡುತ್ತಾರೆ. ಜೋರಾಗಿ ತಿರುಗಿಸಿದರೆ ನೀರಿನೊಳಗೆ ನಡೆದಂತೆ ತೇಲುತ್ತಾರೆ. ಒಮ್ಮೆ ಅಲೋಯಿಸ್ ಕುಡಿದ ಅಮಲಿನಲ್ಲಿ ತೂಕಡಿಸುತ್ತ ತಿರುಗಿಸಿ, ನಗರಸಭೆಯ ಅಧ್ಯಕ್ಷರ ಮೆರವಣಿಗೆ ಕೋಳಿಗಳ ಓಟವಾಗಿತ್ತು. ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಕೂತು ನೋಡಿದರು.

ಗಿರಣಿಯಲ್ಲಿ ನನ್ನ ಕೈಗೆ ಸಮನಾದ ಕೈ ಇರಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡೇ, "ಇದು ಟಿಲ್ಲಿ," ಎನ್ನುತ್ತಿದ್ದರು. ಅಷ್ಟಾದರೂ ಅಲ್ಲಿಂದ ಎದ್ದು ಗೋಂದಿನ ಮೇಜಿಗೇ ಹೋಗಬೇಕು. ಅತಿಯಾಗಿ ಮಾಗಿದ ಮರಸೇಬಿನಂತೆ ನಾರುವ ಗೋಂದು. ಕೂದಲಿಗೂ ಅದೇ ವಾಸನೆ.

ಓಟಕ್ಕೆ ಎರಡು ದಿನ ಇರುವಾಗ ಅಲೋಯಿಸ್ ಹಿಮದಲ್ಲಿ ಜಾರುಬಂಡಿ ಓಡಿಸಲು ಹೋಗಿ ಕಾಲು ಮುರಿದುಕೊಂಡ. ಫೆಲ್ಡ್‌ಬೆರ್ಗ್ ಬೆಟ್ಟದ ಮೇಲೆ ಹೆಂಗಸರ ಉದ್ದದ ಸ್ಕೀ ಓಟ. ಸ್ಕೀ ಕ್ಲಬ್ಬಿನವರು ಆ ವರ್ಷ ಮೊದಲ ಬಾರಿಗೆ, ಅದೂ ಪರೀಕ್ಷೆಗೆಂದು, ಒಪ್ಪಿದ್ದರು. ಫ್ರಿಡೋಲಿನ್ ದಾರಿಯುದ್ದಕ್ಕೂ ಜೊತೆಯಲ್ಲಿ ಜಾರಬೇಕು. ಮುಗಿಯುವ ಗೆರೆಯ ಹತ್ತಿರ ಯಾರು?

ಯಜಮಾನರು ಅಟ್ಟದಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಆಮೇಲೆ ನನ್ನ ಮೇಜಿನ ಮುಂದೆ ನಿಂತರು.

"ಟಿಲ್ಲಿ, ನೀನು ಬರ್ತೀಯ. ಯೋಚ್ನೆ ಮಾಡ್ಬಾರ್ದು, ನೋಡ್ಬಾರ್ದು, ಬರೀ ಬೀಸ್ತಾ ಇರ್ಬೇಕು. ಗೆರೆ ಸರಿಯಾಗಿ ಬಂತು ಅಂದ್ರೆ ಬೇಸಿಗೆಯಿಂದ ಒಂದು ಕ್ಯಾಮೆರಾ ನಿಂದು. ಕೆಡ್ತೋ, ಈ ಜನ್ಮಕ್ಕೆ ಗೋಂದು."

"ಹೂಂ," ಎಂದೆ. ಅಷ್ಟೇ ಬಂದದ್ದು ಬಾಯಿಗೆ.

ಗೆರೆ ಎಂದರೆ ಎರಡು ಕಂಬ, ನಡುವೆ ಕೆಂಪು ಬಟ್ಟೆ. ಮಂಜು ಕವಿದು ಬಟ್ಟೆ ಬೂದುಬಣ್ಣವಾಗಿ ಕಾಣುತ್ತಿತ್ತು. ಕ್ಯಾಮೆರಾದ ಮೂರು ಕಾಲನ್ನೂ ಹಿಮದಲ್ಲಿ ಹೂತು, ಗಾಜು ಒರೆಸಿ, ಮತ್ತೆ ಒರೆಸಿ ಕಾದೆ. ಹಿಂದೆ ಕ್ಲಬ್ಬಿನ ದೊಡ್ಡವರು ಉಣ್ಣೆಯ ಕೋಟುಗಳಲ್ಲಿ ನಿಂತಿದ್ದರು. ಅವರಲ್ಲೊಬ್ಬರು ಕ್ಲಬ್ಬಿನ ವೈದ್ಯರು.

"ಹೆಂಗಸರ ಎದೆ ಇಷ್ಟು ದೂರಕ್ಕೆ ಮಾಡಿದ್ದಲ್ಲ," ಎಂದು ಅವರು ಯಾರಿಗೋ ಹೇಳುತ್ತಿದ್ದರು. "ಒಬ್ಬಳಾದ್ರೂ ಕುಸಿದು ಬೀಳ್ತಾಳೆ ನೋಡ್ತಾ ಇರಿ. ಆಮೇಲೆ ನಮ್ಮ ಮೇಲೆ ಬರುತ್ತೆ."

"ಬಿದ್ರೆ ಎತ್ಕೊಳೋಕೆ ನೀವಿದೀರಲ್ಲ ಡಾಕ್ಟ್ರೇ," ಎಂದ ಮತ್ತೊಬ್ಬ. ನಕ್ಕರು.

ಮೊದಲು ಕೂಗು ಕೇಳಿಸಿತು. ಆಮೇಲೆ ಮಂಜಿನಿಂದ ವಾಲ್ಬುರ್ಗಾ ಹೊರಬಂದಳು. ಮೇಲಿನ ಕಣಿವೆಯ ಅಂಚೆಯವನ ಮಗಳು. ಚಳಿಗಾಲವೆಲ್ಲ, ಕಾಲುನೋವಿಗೆ ಮನೆ ಬಿಟ್ಟು ಹೊರಡಲಾರದ ಅಪ್ಪನ ಬದಲು, ತಾನೇ ಸ್ಕೀ ಕಟ್ಟಿಕೊಂಡು ಮನೆಮನೆಗೆ ಕಾಗದ ಹಂಚುವವಳು. ಒಬ್ಬಳೇ ಬರುತ್ತಿದ್ದಳು, ಹಿಂದೆ ಯಾರೂ ಇಲ್ಲ. ನಾನು ಬೀಸತೊಡಗಿದೆ. ಎರಡು ಸುತ್ತು, ಎರಡು ಸುತ್ತು. ಚೌಕಟ್ಟಿನೊಳಗೆ ಅವಳು ದೊಡ್ಡದಾಗುತ್ತ ಬಂದಳು. ಗೆರೆ ಇನ್ನೇನು ಕೈಗೆ ಸಿಗುವಷ್ಟರಲ್ಲಿ ಅವಳ ಎಡಗಾಲಿನ ಸ್ಕೀ ಪಟ್ಟಿ ಹರಿಯಿತು. ಮುಖ ಅಡಿಯಾಗಿ ಬಿದ್ದಳು. ಮಂಜಿನಿಂದ ಎರಡನೆಯವಳು, ಮ್ಯೂನಿಕ್ಕಿನಿಂದ ಬಂದ ಹುಡುಗಿ, ಕಾಣಿಸಿದಳು, ಸಮೀಪಿಸಿದಳು, ದಾಟಿದಳು. ವಾಲ್ಬುರ್ಗಾ ತಲೆ ಎತ್ತಿ ಅವಳ ಬೆನ್ನನ್ನು ನೋಡಿದಳು. ಎದ್ದಳು. ಒಂದೇ ಸ್ಕೀ ಮೇಲೆ, ಇನ್ನೊಂದು ಕಾಲಲ್ಲಿ ಹಿಮ ಒದೆಯುತ್ತ, ಎರಡನೆಯವಳಾಗಿ ಗೆರೆ ದಾಟಿದಳು.

ಎಲ್ಲ ಮುಗಿದ ಮೇಲೆ ನನ್ನ ತೋಳು ಭುಜದವರೆಗೆ ಉರಿಯುತ್ತಿತ್ತು. ಚಳಿಗೆ ಇರಬೇಕು ಎಂದುಕೊಂಡೆ.

*

ಅಟ್ಟದ ಗೋಡೆಗೆ ಹಾಸಿಗೆಯ ಬಟ್ಟೆ ಕಟ್ಟಿ ನಾವು ಫಿಲ್ಮು ನೋಡುತ್ತಿದ್ದೆವು. ಮೊದಲು ಫ್ರಿಡೋಲಿನ್ ತೆಗೆದದ್ದು ಬಂತು. ಕಾಡಿನ ನಡುವೆ ಹುಡುಗಿಯರು ಮಿಂಚಿನಂತೆ ಹಾದುಹೋದರು. ಯಜಮಾನರು ತೊಡೆ ತಟ್ಟಿದರು. ಆಮೇಲೆ ನನ್ನದು.

ವಾಲ್ಬುರ್ಗಾ ಮಂಜಿನಿಂದ ಬಂದಳು, ಸರಿಯಾದ ವೇಗದಲ್ಲಿ. ಬರುತ್ತ ಬರುತ್ತ ಭಾರವಾದಳು. ಸ್ಕೀ ಚಿಮ್ಮಿಸಿದ ಹಿಮ ಮೇಲೆ ಹೋಗಿ ಅಲ್ಲೇ ನಿಂತಂತಿತ್ತು. ಬಿದ್ದಳು, ಬೀಳುವುದು ಮುಗಿಯಲೇ ಇಲ್ಲ. ಬಿದ್ದಲ್ಲೇ ಇದ್ದಳು, ಇದ್ದಳು, ಇದ್ದಳು. ಆಮೇಲೆ ತಲೆ ಎತ್ತಿದಾಗ ಅವಳ ಮುಖ ಕಂಡಿತು. ತುಟಿಯ ಮೇಲೆ ಹಿಮ. ಕಣ್ಣು ಆ ಮ್ಯೂನಿಕ್ಕಿನ ಹುಡುಗಿಯ ಬೆನ್ನಿನಿಂದ ಗೆರೆಗೆ, ಗೆರೆಯಿಂದ ತನ್ನ ಕಾಲಿಗೆ ಹೊರಳಿದ್ದು ಒಂದೊಂದಾಗಿ ಕಂಡಿತು. ಎದ್ದಳು. ನಾನು ಉಸಿರು ಬಿಟ್ಟೆ. ಆ ದಿನ ಅಲ್ಲಿ ನಿಂತು ಕಂಡದ್ದು ಇದನ್ನೇ. ನನ್ನ ಕಣ್ಣಿಗೆ ಹೀಗೇ ಕಂಡಿತ್ತು.

ಫ್ರಿಡೋಲಿನ್ ಮೊದಲು ಬಾಯಿಬಿಟ್ಟ.

"ಇದೇನ್ ಮಾರಾಯ್ತಿ, ಸಾಯಂಕಾಲ ಹಸುಗಳು ಕೊಟ್ಟಿಗೆಗೆ ಬರೋ ಸಿನಿಮಾನಾ?"

ಯಜಮಾನರು ನಗಲಿಲ್ಲ. ದೀಪ ಹಚ್ಚಿ ಫಿಲ್ಮಿನ ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿದರು.

"ಕೈ ಓಡಿದೆ ಕಣಮ್ಮ. ಅವಳು ಓಡಿದ್ ಹಾಗೆ ನಿನ್ ಕೈನೂ ಓಡಿದೆ. ಕೊನೆಗೆ ಎರಡು ಪಟ್ಟು ಬೀಸಿದೀಯ."

"ನಿಧಾನ ತೋರ್ಸೋದು ಈಗ ಫ್ಯಾಷನ್ ಅಲ್ವಾ ಯಜಮಾನ್ರೇ," ಎಂದ ಫ್ರಿಡೋಲಿನ್.

"ಅದಕ್ಕೆ ಬೇರೆ ಯಂತ್ರಾನೇ ಇದೆ. ಕಾಲು ಹೇಗೆ ಮಡಚುತ್ತೆ, ಸೊಂಟ ಹೇಗೆ ತಿರುಗುತ್ತೆ ಅಂತ ಬೇಕಂತ ತೋರ್ಸೋದು ಅದು. ಇದು ಬೇಕಂತ ಮಾಡಿದ್ದಲ್ಲ. ಇದು ತಪ್ಪು." ನನ್ನ ಕಡೆ ತಿರುಗಿದರು. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಗಿರಣೀಲಿ ಅಷ್ಟು ಚೆನ್ನಾಗಿ ಬೀಸ್ತಿದ್ಯಲ್ಲೇ."

ಗಿರಣಿಯಲ್ಲಿ ಯಾರೂ ಬೀಳುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೊಳೆದದ್ದು ಸಂಜೆ.

ಮುಂದಿನ ಭಾನುವಾರ ಮತ್ತೆ ಬೆಟ್ಟಕ್ಕೆ ಹೋಗಿ ಗೆರೆಯನ್ನು ಹೊಸದಾಗಿ ತೆಗೆಯುವುದೆಂದಾಯಿತು. ಅದರಲ್ಲಿ ಯಾರಿಗೂ ಸಂಕೋಚವಿರಲಿಲ್ಲ. ಓಟದ ದಿನ ಸಿಗದ್ದನ್ನು ಆಮೇಲೆ ಆಡಿಸಿ ತೆಗೆಯುವುದು ಎಲ್ಲ ಕಂಪನಿಗಳೂ ಮಾಡುತ್ತಿದ್ದದ್ದೇ. ಹಿಡಿಕೆ ಫ್ರಿಡೋಲಿನ್ ಕೈಗೆ. ನನ್ನನ್ನು ಕರೆದೊಯ್ದದ್ದು ಗುಂಪಿನಲ್ಲಿ ನಿಂತು ಕರವಸ್ತ್ರ ಬೀಸಲು.

ಆ ಭಾನುವಾರ ಬಿಸಿಲು ಚೆನ್ನಾಗಿತ್ತು. ವಾಲ್ಬುರ್ಗಾ ಜಡೆ ಬಿಗಿದು, ತೊಳೆದ ಸ್ವೆಟರ್ ತೊಟ್ಟು, ಅವಳಮ್ಮ ಮಾಡಿದ ಬಾದಾಮಿ ಕೇಕನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಮ್ಯೂನಿಕ್ಕಿನ ಹುಡುಗಿ ಊರಿಗೆ ಹೋಗಿಯಾಗಿತ್ತು. ಬೆಟ್ಟದ ಹೋಟೆಲಿನ ಅಡುಗೆಮನೆಯಿಂದ ಒಬ್ಬಳನ್ನು ಎಳೆದು ತಂದು ಅವಳ ನಂಬರು ಕಟ್ಟಿದರು. ಪಾತ್ರೆ ತೊಳೆಯುವವರು, ಕುದುರೆಯವನು, ಇಬ್ಬರು ಅತಿಥಿಗಳು ಸೇರಿ ಗುಂಪಾದರು.

"ಇನ್ನೂ ಸ್ವಲ್ಪ ಈಚೆ ಬೀಳಮ್ಮ ವಾಲ್ಬುರ್ಗಾ," ಎಂದು ಯಜಮಾನರು ಕೂಗಿದರು. "ಬೆಳಕು ಈ ಕಡೆ ಇದೆ."

"ಬೆಳಕು ನೋಡ್ಕೊಂಡ್ ಬೀಳೋದು ಅಭ್ಯಾಸ ಇಲ್ಲ ಸ್ವಾಮಿ. ಕಲ್ತ್ಕೋತೀನಿ!"

ಬಿದ್ದಳು. ಅಡುಗೆಮನೆಯ ಹುಡುಗಿ ದಾಟಬೇಕಾದವಳು ನಗು ತಡೆಯಲಾರದೆ ತಾನೂ ಬಿದ್ದಳು. ಮತ್ತೆ ಮಾಡಿದರು. ಮೂರನೆಯ ಸಲ ಎಲ್ಲ ಸರಿ ಬಂತು: ಬಿದ್ದಳು, ಎದ್ದಳು, ಹಲ್ಲು ಕಚ್ಚಿ ಗೆರೆ ದಾಟಿದಳು. ಫ್ರಿಡೋಲಿನ್ ಬಾಯಲ್ಲಿ ಚುಟ್ಟಾ ಕಚ್ಚಿಕೊಂಡೇ ಅಷ್ಟೂ ಹೊತ್ತು ಒಂದೇ ಸಮ ತಿರುಗಿಸಿದ. ಕುದುರೆಯವನು ಚಪ್ಪಾಳೆ ತಟ್ಟಿದ. ನಾನು ಕರವಸ್ತ್ರ ಬೀಸಿದೆ.

ಹಾಸಿಗೆಯ ಬಟ್ಟೆಯ ಮೇಲೆ ಅದು ಬಂದಾಗ ಒಂದೂ ಕೊರತೆ ಕಾಣಲಿಲ್ಲ. ಬಿಸಿಲು, ವೇಗ, ಎಲ್ಲ ಇತ್ತು. "ಇದನ್ನ ಅಂಟ್ಸು," ಎಂದು ಯಜಮಾನರು ಪೆಟ್ಟಿಗೆ ಕಟ್ಟಿಕೊಂಡು, ಫಿಲ್ಮು ಮಾರುವ ಮಾತಿಗೆ ಸ್ಟುಟ್‌ಗಾರ್ಟಿಗೆ ರೈಲು ಹತ್ತಿದರು. ವಾರದ ಕೊನೆಗೆ ಬರುವವರು. ಅದರ ಮಾರನೆಯ ದಿನವೇ ಊರಿನಲ್ಲಿ ಮೊದಲ ಪ್ರದರ್ಶನ.

ಅಂಟಿಸಲು ನನ್ನಿಂದ ಆಗಲಿಲ್ಲ. ಕತ್ತರಿ ಎತ್ತಿಕೊಳ್ಳುವುದು, ಇಡುವುದು. ಎದ್ದು ಕಿಟಕಿಯ ಹತ್ತಿರ ಹೋಗುವುದು, ಬಂದು ಕೂರುವುದು. ಎರಡು ಪಟ್ಟಿಗಳೂ ಮೇಜಿನ ಅಂಚಿನ ಮೊಳೆಗಳಿಗೆ ನೇತಾಡುತ್ತಿದ್ದವು. ಕಿಟಕಿ ತೆರೆದರೆ ನನ್ನದು ಅಲ್ಲಾಡುತ್ತಿತ್ತು, ಫ್ರಿಡೋಲಿನ್‌ನದು ಅಲ್ಲಾಡುತ್ತಿರಲಿಲ್ಲ. ಅವನದು ಉದ್ದ ಕಡಿಮೆ, ಅದಕ್ಕೆ. ಆದರೂ ಸಿಟ್ಟು ಬರುತ್ತಿತ್ತು.

*

ಬುಧವಾರ ವಾಲ್ಬುರ್ಗಾ ಬಂದಳು. ಮೆಟ್ಟಿಲ ಮೇಲೆ ಅವಳ ಮೊಳೆ ಬೂಟಿನ ಸದ್ದು ಅಂಗಡಿಯವರಿಗೆಲ್ಲ ಕೇಳಿಸಿರಬೇಕು.

"ಏನೇ ಟಿಲ್ಲಿ, ಇಲ್ಲಿ ಏನ್ ಕೊಳೀತಾ ಇದೆ? ಕಿಟ್ಕಿ ತೆಗಿ. ನಾನು ಹೇಗ್ ಕಾಣ್ತೀನಿ ನೋಡ್ಬೇಕು, ಅದಕ್ಕೇ ಬಂದೆ."

ಹೊಸದನ್ನು ಮೊದಲು ಹಾಕಿದೆ. ನೋಡಿ ನಕ್ಕಳು.

"ಥೂ, ಅಂಚೆ ಕಾರ್ಡಿನ ಮೇಲಿನ ಹುಡ್ಗಿ ಹಾಗಿದೀನಿ."

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ನಾನಲ್ಲ ಅಷ್ಟೇ. ಇಲ್ಲಿ ಬೀಳೋವಾಗ್ಲೇ ಏಳ್ತೀನಿ ಅಂತ ನಂಗೆ ಗೊತ್ತಿದೆ ನೋಡು. ಆವತ್ತು ಗೊತ್ತಿರ್ಲಿಲ್ಲ."

ಹಳೆಯದನ್ನು ಹಾಕಿದೆ. ಅವಳು ನಗಲಿಲ್ಲ. ಪರದೆಯ ಮೇಲಿನ ವಾಲ್ಬುರ್ಗಾ ಬಿದ್ದಾಗ ನನ್ನ ಪಕ್ಕದ ವಾಲ್ಬುರ್ಗಾ ಮುಂದಕ್ಕೆ ಬಾಗಿದಳು. ಮುಗಿದ ಮೇಲೆ, "ಇನ್ನೊಂದ್ಸಲ," ಎಂದಳು. ಮತ್ತೆ ಹಾಕಿದೆ.

"ಇದು ನಾನೇ," ಎಂದಳು ಕೊನೆಗೆ. "ಆದ್ರೆ ಇದನ್ನ ಹಾಕ್ಬೇಡ ಕಣೇ."

"ಯಾಕೆ?"

"ಎಷ್ಟೊತ್ತು ಬಿದ್ದಿದೀನಿ ನೋಡು! ಅಲ್ಲೇ ಮನೆ ಕಟ್ಕೊಂಡ್ ಹಾಗೆ. ನಾನು ಬಿದ್ದೆ, ಎದ್ದೆ. ಒಂದು ಉಸಿರು ಅಷ್ಟೇ. ಆ ಡಾಕ್ಟ್ರು ಆಗ್ಲೇ ಊರೆಲ್ಲ ಹೇಳ್ಕೊಂಡ್ ಬರ್ತಾ ಇದಾರೆ, ಹುಡ್ಗಿ ಪ್ರಜ್ಞೆ ತಪ್ಪಿ ಮಲಗಿದ್ಲು, ಎಬ್ಬಿಸೋಕೆ ಹೊರಟಿದ್ದೆ ಅಂತ. ಮುಂದಿನ ತಿಂಗಳು ಕ್ಲಬ್ಬಲ್ಲಿ ಸಭೆ. ಹೆಂಗಸ್ರ ಉದ್ದ ಓಟ ಇರ್ಬೇಕೋ ಬೇಡ್ವೋ ಅಂತ. ನಿಮ್ ಸಿನಿಮಾಗೆ ಅವ್ರೆಲ್ಲ ಬರ್ತಾರೆ. ಇದನ್ನ ನೋಡಿದ್ರೆ ಮುಗೀತು. ಆ ಮನುಷ್ಯ ಜೇಬಿಂದ ಗಡಿಯಾರ ತೆಗ್ದು ಎಣಿಸ್ತಾನೆ."

ಕೈ ಓಡಿದ್ದು ನನ್ನ ಕೆಲಸಕ್ಕೆ ಕುತ್ತು ಎಂದಷ್ಟೇ ತಿಳಿದಿದ್ದೆ. ಈ ರೀಲು ಅವಳ ಮೇಲೆ ಸಾಕ್ಷಿ ಹೇಳುತ್ತದೆ, ಅದೂ ಸುಳ್ಳು ಸಾಕ್ಷಿ, ಎಂಬುದು ತಲೆಗೆ ಬಂದೇ ಇರಲಿಲ್ಲ.

"ಹಾಗಾದ್ರೆ ಹೊಸದನ್ನೇ ಹಾಕ್ಲಾ?"

ಅವಳು ಬೂಟಿನಿಂದ ನೆಲ ಕೆರೆದಳು. "ಹಾಕು. ಇನ್ನೇನ್ ಮಾಡ್ತೀಯ." ಬಾಗಿಲವರೆಗೆ ಹೋಗಿ ತಿರುಗಿದಳು. "ಆ ಏಳೋದು ಮಾತ್ರ... ನಾನು ಹಾಗೆ ಎದ್ನಾ ನಿಜವಾಗ್ಲೂ?"

"ಹಾಗೇ ಎದ್ದೆ."

"ನಮ್ಮಪ್ಪ ಅದನ್ನ ನೋಡ್ಬೇಕಿತ್ತು," ಎಂದು ಹೇಳಿ ಇಳಿದು ಹೋದಳು.

ನಾನು ಪಟ್ಟಿಯನ್ನು ದೀಪದ ಗಾಜಿನ ಮೇಲೆ ಹಾಸಿದೆ. ಬಿದ್ದ ವಾಲ್ಬುರ್ಗಾ, ಬಿದ್ದ ವಾಲ್ಬುರ್ಗಾ, ಬಿದ್ದ ವಾಲ್ಬುರ್ಗಾ. ಅಂಚೆ ಚೀಟಿಗಳ ಹಾಳೆಯಂತೆ ಸಾಲಾಗಿ. ಒಂದಕ್ಕೂ ಮುಂದಿನದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕೈ ಎರಡು ಪಟ್ಟು ಓಡಿದ್ದರಿಂದ ಚಿತ್ರಗಳೂ ಎರಡು ಪಟ್ಟು. ಹೆಬ್ಬೆರಳನ್ನು ಒಂದರ ಮೇಲಿಟ್ಟು ಮುಚ್ಚಿ, ಒಂದು ಬಿಟ್ಟು ಮತ್ತೊಂದರ ಮೇಲಿಟ್ಟೆ. ಇದ್ದಕ್ಕಿದ್ದಂತೆ ಎದ್ದು ನಿಂತೆ. ಕುರ್ಚಿ ಬಿತ್ತು.

ಒಂದು ಬಿಟ್ಟು ಒಂದನ್ನು ಕತ್ತರಿಸಿ ತೆಗೆದರೆ? ಬೀಳುವ, ಬಿದ್ದು ಮಲಗಿದ ಭಾಗದಲ್ಲಿ ಮಾತ್ರ. ಆಗ ಅವಳು ಗಡಿಯಾರ ಹೇಳಿದಷ್ಟೇ ಹೊತ್ತು ಬಿದ್ದಿರುತ್ತಾಳೆ. ತಲೆ ಎತ್ತಿದ ಕ್ಷಣದಿಂದ ಮುಂದಕ್ಕೆ ಮುಟ್ಟುವುದಿಲ್ಲ. ಬಿದ್ದದ್ದು ಗಡಿಯಾರದ ಲೆಕ್ಕಕ್ಕೆ, ಎದ್ದದ್ದು ಕಣ್ಣಿನ ಲೆಕ್ಕಕ್ಕೆ.

ಸುಲಭದ ಕೆಲಸವಲ್ಲ. ಪ್ರತಿ ಅಂಟಿಗೂ ಅಂಚು ಕೆರೆಯಬೇಕು, ಗೋಂದು ಸವರಬೇಕು, ಒತ್ತಿ ಹಿಡಿಯಬೇಕು. ಒಂದು ಚಿತ್ರಕ್ಕೊಂದು ಅಂಟು. ಯಾರೂ ಹಾಗೆ ಅಂಟಿಸುವುದಿಲ್ಲ. ಬುಧವಾರ, ಗುರುವಾರ ಅದೇ ಆಯಿತು. ಹಾಳಾದದ್ದನ್ನು ಬಿಚ್ಚಿ ಮತ್ತೆ ಅಂಟಿಸಿದೆ. ಶುಕ್ರವಾರ ಮಧ್ಯಾಹ್ನ ಫ್ರಿಡೋಲಿನ್ ಬಂದದ್ದು ಗೊತ್ತಾಗಲಿಲ್ಲ. ಚುಟ್ಟಾ ವಾಸನೆ ಬಂದಾಗ ತಲೆ ಎತ್ತಿದೆ.

"ಚುಟ್ಟಾ ಆಚೆ ಇಡು," ಎಂದೆ. ಫಿಲ್ಮಿಗೆ ಕಿಡಿ ತಾಗಿದರೆ ಅಟ್ಟವೇ ಹೋಗುತ್ತಿತ್ತು.

ಅವನು ಮೆಟ್ಟಿಲ ಮೇಲೆ ಆರಿಸಿ ಬಂದು ಪಟ್ಟಿ ಎತ್ತಿ ನೋಡಿದ. ಮುಖ ಬದಲಾಯಿತು.

"ಏನಿದು, ಹೊಲಿಗೆ ಹಾಕಿದೀಯಾ? ನನ್ನ ರೀಲು ಎಲ್ಲಿ?"

ಮೊಳೆಯ ಕಡೆ ತೋರಿಸಿದೆ.

"ಓಹೋ. ಮೂರು ಸಲ ಹಿಮದಲ್ಲಿ ನಿಂತು ತೆಗ್ದಿದ್ದು ನಾನು, ಮೊಳೆಗೆ ನೇತಾಕಿದ್ದು ನೀನು. ಪಂಡಿತಮ್ಮಾ, ಇದು ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ನಿಂತ್ರೆ ಏನಾಗುತ್ತೆ ಗೊತ್ತಾ? ದೀಪದ ಮುಂದೆ ನಿಂತ ಫಿಲ್ಮು ಹತ್ಕೊಂಡ್ ಉರಿಯುತ್ತೆ. ಮಂದಿರದ ತುಂಬ ಜನ."

"ಗೊತ್ತು. ಸಿಕ್ಕಲ್ಲ."

"ಯಾರ್ ಹೇಳಿದ್ದು?"

"ಅಂಟಿಸಿದ್ದು ನಾನು."

ಆ ಉತ್ತರ ಸಂಜೆಯವರೆಗೆ ಕಾಯದೆ ಅಲ್ಲೇ ಬಂತೆಂದು ನನಗೇ ಆಶ್ಚರ್ಯವಾಯಿತು. ಅವನು ಪಟ್ಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ನಿಧಾನಕ್ಕೆ ಎಳೆಯುತ್ತ ಹೋದ. ತುದಿಯ ಹತ್ತಿರ ನಿಲ್ಲಿಸಿದ.

"ಇಲ್ಲೊಂದು ಸೊಟ್ಟ ಇದೆ," ಎಂದ. ಟೋಪಿ ಹಾಕಿಕೊಂಡ. "ನಾನಿಲ್ಲಿಗೆ ಬಂದೇ ಇಲ್ಲ. ಯಜಮಾನ್ರು ಕೇಳಿದ್ರೆ ನಿನ್ ಪರವಾಗಿ ಮಾತಾಡ್ತೀನಿ ಅಂತ ಅನ್ಕೋಬೇಡ."

ಸೊಟ್ಟ ಇದ್ದದ್ದನ್ನು ಬಿಚ್ಚಿ ಸರಿಮಾಡಿದೆ.

*

ಶನಿವಾರ ಬೆಳಿಗ್ಗೆ ಯಜಮಾನರು ರೈಲಿನಿಂದ ನೇರ ಅಟ್ಟಕ್ಕೆ ಬಂದರು. ಕೋಟು ಬಿಚ್ಚುವ ಮುಂಚೆಯೇ ಹೇಳಿದೆ, ತಡಮಾಡಿದ್ದರೆ ಹೇಳುವ ಧೈರ್ಯ ಇರುತ್ತಿರಲಿಲ್ಲ.

"ನೀವು ಹೇಳಿದ್ದು ಅಂಟಿಸಿಲ್ಲ. ಬೇರೆ ಅಂಟಿಸಿದೀನಿ. ನೋಡಿ ಆಮೇಲೆ ಬೈರಿ."

ನೋಡಿದರು. ವಾಲ್ಬುರ್ಗಾ ಬಿದ್ದಳು, ಧೊಪ್ಪನೆ, ನಿಜವಾದ ಮನುಷ್ಯರು ಬೀಳುವಂತೆ. ಆಮೇಲೆ ತಲೆ ಎತ್ತಿದಳು, ಲೋಕ ಭಾರವಾಯಿತು. ಬಟ್ಟೆ ಬಿಳಿಯಾದ ಮೇಲೂ ಯಜಮಾನರು ಅದನ್ನೇ ನೋಡುತ್ತಿದ್ದರು.

"ಎಷ್ಟು ಅಂಟು?"

"ತುಂಬ."

"ಯಾಕೆ ಮಾಡ್ದೆ?"

ಮಾತು ಕೂಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. "ಫ್ರಿಡೋಲಿನ್‌ದರಲ್ಲಿ ಅವಳು ಚೆನ್ನಾಗಿ ಬೀಳ್ತಾಳೆ. ಆದ್ರೆ ಅವಳು ಸೋತಿಲ್ಲ. ಇದರಲ್ಲಿ ಸೋತಿದಾಳೆ, ಆಮೇಲೆ ಎದ್ದಿದಾಳೆ. ನಿಧಾನ ತೋರ್ಸೋ ಯಂತ್ರ ಕಾಲು ತೋರ್ಸುತ್ತೆ. ಇದು... ಅಲ್ಲಿ ನಿಂತು ನೋಡ್ತಾ ಇದ್ರಲ್ಲ ಜನ, ಅವರ ಎದೆ ತೋರ್ಸುತ್ತೆ."

ಅವರು ಕುರ್ಚಿ ಎಳೆದು ನನ್ನ ಎದುರಿಗೇ ಕೂತರು.

"ಸರಿ. ಒಂದು ಕೇಳ್ತೀನಿ. ಆ ಕೈ ಓಡಿದ್ದು, ಅದನ್ನ ಇನ್ನೊಂದ್ಸಲ ಮಾಡ್ತೀಯಾ? ಬೇಕಂದಾಗ?"

ಮಾಡುತ್ತೇನೆ ಎಂದರೆ ಕ್ಯಾಮೆರಾ ಬರುತ್ತದೆ ಎಂದು ಅವರ ಕಣ್ಣಲ್ಲೇ ಇತ್ತು.

"ಗೊತ್ತಿಲ್ಲ. ನಾನು ಮಾಡಿದ್ದಲ್ಲ ಅದು. ಆಯ್ತು."

"ಅಂದ್ರೆ ಆಕಸ್ಮಿಕ."

"ತಿರುಗಿಸಿದ್ದು ಆಕಸ್ಮಿಕ. ಕತ್ತರಿಸಿದ್ದು ಅಲ್ಲ."

ಅವರು ಮೂಗಿನಲ್ಲೇ ಏನೋ ಸದ್ದು ಮಾಡಿದರು. ನಗುವೋ ಸಿಟ್ಟೋ ತಿಳಿಯಲಿಲ್ಲ. "ಸರಿ, ಇದೇ ಹೋಗ್ಲಿ. ನಾಳೆ ಹರೀದೆ ನಡೀತು ಅಂದ್ರೆ ಬೇಸಿಗೇಲಿ ನಿಂಗೊಂದು ಕ್ಯಾಮೆರಾ, ಮೊದಲು ಹೇಳಿದ್ ಹಾಗೆ. ಹರೀತು ಅಂದ್ರೆ ನಿನ್ನೂ ಬಿಟ್ಟೆ, ನಿನ್ ಗೋಂದೂ ಬಿಟ್ಟೆ."

ಭಾನುವಾರ ಮಂದಿರ ತುಂಬಿತ್ತು. ಒದ್ದೆ ಉಣ್ಣೆಯ ವಾಸನೆ. ಪರದೆಯ ಕೆಳಗೆ ಪಿಯಾನೋ ಮೇಷ್ಟ್ರು ಬೆರಳು ಮುರಿಯುತ್ತ ಕೂತಿದ್ದರು. ಕ್ಲಬ್ಬಿನವರು ಮುಂದಿನ ಸಾಲಿನಲ್ಲಿ; ವೈದ್ಯರ ಬೋಳುತಲೆ ನನಗೆ ನೇರ ಕಾಣುತ್ತಿತ್ತು. ವಾಲ್ಬುರ್ಗಾ ನನ್ನ ಪಕ್ಕ ಬಂದು ಕೂತಳು. ಅವಳಿಗೆ ಏನನ್ನೂ ಹೇಳಿರಲಿಲ್ಲ.

ಕಾಡು ಬಂತು, ಇಳಿಜಾರು ಬಂತು. ಪಿಯಾನೋ ಓಡುತ್ತಿತ್ತು. ಜನ ಕೂಗುತ್ತಿದ್ದರು. ಆಮೇಲೆ ಮಂಜು. ಮಂಜು ಕಂಡದ್ದೇ ವಾಲ್ಬುರ್ಗಾ ನನ್ನ ತೋಳು ಹಿಡಿದಳು.

"ಲೇ, ಇದು ಹಳೇದು. ನಿಂಗ್ ಹೇಳಿದ್ನಲ್ಲೇ!"

"ನೋಡು," ಎಂದೆ. "ಸುಮ್ನೆ ನೋಡು."

ಅವಳ ಪಟ್ಟಿ ಹರಿಯಿತು. ಮೇಲಿನ ಕಿಂಡಿಯಲ್ಲಿ ಪ್ರೊಜೆಕ್ಟರಿನ ಸದ್ದು ಬದಲಾಗಿ ಟಕಟಕ ಎನ್ನತೊಡಗಿತು. ನನ್ನ ಅಂಟುಗಳು ಹಲ್ಲುಗಳ ಮೇಲೆ ಹಾಯತೊಡಗಿದ್ದವು. ಪ್ರತಿ ಟಕ್ಕನ್ನೂ ಬೆರಳಲ್ಲಿ ಎಣಿಸಿದೆ. ಚಿತ್ರ ಒಮ್ಮೆ ನಡುಗಿತು. ಮುಂದಿನ ಸಾಲಿನಲ್ಲಿ ವೈದ್ಯರು ಪಕ್ಕದವರ ಕಿವಿಗೆ ಬಾಗಿದರು. ಅವರು ಹೇಳಬೇಕೆಂದದ್ದು ಬಾಯಿಂದ ಹೊರಡುವ ಮುಂಚೆಯೇ ಪರದೆಯ ಮೇಲೆ ವಾಲ್ಬುರ್ಗಾ ತಲೆ ಎತ್ತಿದ್ದಳು. ಅಷ್ಟೇ ಹೊತ್ತು ಅವಳು ಬಿದ್ದಿದ್ದು. ಒಂದು ಉಸಿರು.

ಟಕಟಕ ನಿಂತು ಪ್ರೊಜೆಕ್ಟರು ತನ್ನ ಹಳೆಯ ಸದ್ದಿಗೆ ಮರಳಿತು. ವೇಗ ಕುಸಿದದ್ದಕ್ಕೆ ಪಿಯಾನೋ ಮೇಷ್ಟ್ರು ತಬ್ಬಿಬ್ಬಾಗಿ, ಯಾವ ರಾಗ ಹಿಡಿಯಬೇಕೆಂದು ತಿಳಿಯದೆ, ಕೈ ಎತ್ತಿಬಿಟ್ಟರು. ಆ ಮೌನದಲ್ಲಿ ಅವಳು ಎದ್ದಳು. ಕಣ್ಣು ಗೆರೆಯ ಮೇಲೆ. ಹರಿದ ಪಟ್ಟಿ ಗಾಳಿಯಲ್ಲಿ ನಿಧಾನವಾಗಿ ಸುತ್ತಿಕೊಂಡಿತು. ಹಿಂದೆಲ್ಲೋ ಒಬ್ಬ ಮುದುಕನ ದನಿ, "ಬಾ ಮಗಳೇ, ಬಾ," ಎಂದಿತು. ವಾಲ್ಬುರ್ಗಾ ಗಕ್ಕನೆ ತಿರುಗಿ ನೋಡಿದಳು. ಅವಳಪ್ಪನಲ್ಲ. ಯಾರೋ.

ಗೆರೆ ದಾಟಿದಾಗ ಬಂದ ಗದ್ದಲಕ್ಕೆ ಮುಂದಿನ ದೃಶ್ಯದ ಅಕ್ಷರಗಳನ್ನು ಯಾರೂ ಓದಲಿಲ್ಲ. ಮ್ಯೂನಿಕ್ಕಿನ ಹುಡುಗಿ ಗೆದ್ದಳೆಂಬುದು ಯಾರ ನೆನಪಿನಲ್ಲೂ ಇದ್ದಂತಿರಲಿಲ್ಲ. ವಾಲ್ಬುರ್ಗಾ ನನ್ನ ತೋಳು ಬಿಟ್ಟಿರಲಿಲ್ಲ. "ಏನ್ ಮಾಡ್ದೆ ನೀನು? ಏನೋ ಮಾಡಿದೀಯ," ಎನ್ನುತ್ತಿದ್ದಳು, ಪರದೆಯಿಂದ ಕಣ್ಣು ಕೀಳದೆ.

ಹಿಂದಿನ ಸಾಲಿನಿಂದ ಯಜಮಾನರು ಬಾಗಿದರು. ಅವರ ಮೀಸೆ ನನ್ನ ಕಿವಿಗೆ ತಾಗುವಷ್ಟು ಹತ್ತಿರ.

"ಹರೀಲಿಲ್ಲ. ಮೇ ತಿಂಗಳಲ್ಲಿ ಸರೋವರದಲ್ಲಿ ದೋಣಿ ಓಟ. ಕ್ಯಾಮೆರಾ ನಿಂದೇ. ಆದ್ರೆ ದೂರದ ದಡದಲ್ಲಿ ನಿಲ್ಸ್ತೀನಿ, ಅಲ್ಲಿ ಕೈ ಓಡೋ ಅಂಥದ್ದೇನೂ ಆಗಲ್ಲ. ಗೆರೆ ಹತ್ರ ಫ್ರಿಡೋಲಿನ್."

ಬೇಕಾದದ್ದು ಸಿಕ್ಕಿತ್ತು. ಹೂಂ ಎಂದರೆ ಆಗಿತ್ತು. ನಾನು ತಿರುಗಿದೆ.

"ಇಲ್ಲ. ನಾನು ಗೆರೆ ಹತ್ರಾನೇ ನಿಲ್ತೀನಿ!"

ಎಷ್ಟು ಜೋರಾಗಿ ಹೇಳಿದೆನೋ, ನಾಲ್ಕು ಸಾಲು ಆಚೆಯಿಂದ ಒಬ್ಬಳು ಹೆಂಗಸು ಟೋಪಿ ಸಮೇತ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಬೈದಳು.

"ಶ್! ಎಷ್ಟು ಮಾತಾಡ್ತೀಯಮ್ಮ ನೀನು? ಸಿನಿಮಾ ನೋಡಕ್ ಬಿಡು!"